ಸೋಮವಾರದ ರಾಹುಕಾಲ ಯಾವುದು?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಡಿಸೆಂಬರ್ ಮಧ್ಯದ ಸೋಮವಾರ ಕಾಫಿ ಕುಯ್ಲು ಶುರು ಮಾಡಬೇಕು. ಆಳುಗಳು ಎಂಟಕ್ಕೆ ಬರುತ್ತಾರೆ. ಗೋಡೆಯ ಕ್ಯಾಲೆಂಡರ್ ರಾಹುಕಾಲ 7.30ರಿಂದ 9 ಅನ್ನುತ್ತದೆ. ಮಗನ ಮೊಬೈಲು 8.06ರಿಂದ 9.31 ಅನ್ನುತ್ತದೆ. ಯಾವುದನ್ನು ನಂಬಲಿ? ಇನ್ನೊಂದು, ಕಾವೇರಿ ಸಂಕ್ರಮಣ ಯಾವಾಗಲೂ ಅಕ್ಟೋಬರ್ 17ರ ಆಸುಪಾಸಿಗೇ ಬರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮಾತ್ರ ಯಾಕೆ ಹಿಂದೆ ಮುಂದೆ ಓಡಾಡುತ್ತದೆ?"

ಅಮ್ಮಾ, ಮೊಬೈಲೇ ಸರಿ. ಪಂಚಾಂಗದ ಲೆಕ್ಕ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕದ ಹೊತ್ತನ್ನು ಎಂಟು ಪಾಲು ಮಾಡಬೇಕು. ಸೋಮವಾರ ಅದರ ಎರಡನೇ ಪಾಲು ರಾಹುಕಾಲ. ಕ್ಯಾಲೆಂಡರಿನವರು ಬೆಳಗ್ಗೆ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗುವ ಸೂರ್ಯನನ್ನು ಇಟ್ಟುಕೊಂಡಿದ್ದಾರೆ. ಪಾಲಿಗೆ ಒಂದೂವರೆ ಗಂಟೆ, ಬಾಯಿಪಾಠಕ್ಕೆ ಸುಲಭ. ಆದರೆ ಡಿಸೆಂಬರಿನಲ್ಲಿ ಆರು ಗಂಟೆಗೆ ನಿಮ್ಮ ಅಂಗಳದಲ್ಲಿ ಬಿಸಿಲೆಲ್ಲಿ? ಸೂರ್ಯ ಹುಟ್ಟುವಾಗ 6.40 ಆಗಿರುತ್ತದೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕೊಡಗು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲೇ ಅರ್ಧ ಗಂಟೆ ಹತ್ತಿರ ಹೋಯಿತು. ಸಾಲದ್ದಕ್ಕೆ ಚಳಿಗಾಲದ ಗಿಡ್ಡ ಹಗಲು, ಪಾಲಿಗೆ ಸಿಗುವುದು ಸುಮಾರು 86 ನಿಮಿಷ. (ನಮ್ಮ ಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದೂ ಬರೆದೂ ರಾಹುಕಾಲವೇ ಕಾಣುವುದಿಲ್ಲ.)

ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಸಂಕ್ರಮಣ ಬರೀ ಸೂರ್ಯನ ಲೆಕ್ಕ. ಅವನು ತುಲಾ ರಾಶಿಗೆ ಕಾಲಿಡುವ ಗಳಿಗೆಗೆ ತಲಕಾವೇರಿಯಲ್ಲಿ ತೀರ್ಥೋದ್ಭವ. ತಾರೀಖು ಅಷ್ಟಾಗಿ ಕದಲದಿದ್ದರೂ ಹೊತ್ತು ಕದಲುತ್ತದೆ. 2022ರಲ್ಲಿ ಸಂಜೆ ಏಳು ದಾಟಿತ್ತು, 2023ರಲ್ಲಿ ನಡುರಾತ್ರಿ ಒಂದು, 2024ರಲ್ಲಿ ಬೆಳಗ್ಗೆ ಏಳು. ವರ್ಷಕ್ಕೆ ಆರು ಗಂಟೆ ಚಿಲ್ಲರೆ ಮುಂದಕ್ಕೆ. ಸೂರ್ಯನ ಒಂದು ಸುತ್ತಿಗೆ 365 ದಿನದ ಮೇಲೆ ಅಷ್ಟು ಹೊತ್ತು ಬೇಕು, ಅದಕ್ಕೆ.

ಹುತ್ತರಿಗೆ ಚಂದ್ರನೂ ಬೇಕು, ಅದೂ ರೋಹಿಣಿ ನಕ್ಷತ್ರದಲ್ಲಿ. ಸೂರ್ಯ ವೃಶ್ಚಿಕದಲ್ಲಿರುವಾಗ ಹುಣ್ಣಿಮೆ ಬಂದರೆ ಚಂದ್ರ ಎದುರಿನ ವೃಷಭದಲ್ಲಿರಬೇಕು. ರೋಹಿಣಿ ನಕ್ಷತ್ರ ಇರುವುದೂ ಅಲ್ಲೇ. ಕದಿರು ತೆಗೆಯುವ ರಾತ್ರಿ ಗದ್ದೆಯಲ್ಲಿ "ಪೊಲಿ ಪೊಲಿ ದೇವಾ" ಎಂದು ಕೂಗುವಾಗ ನೆತ್ತಿಯ ಕಡೆ ಬೆಳದಿಂಗಳಿರುವುದು ಸುಮ್ನೆ ಅಲ್ಲ. ಚಂದ್ರ ರೋಹಿಣಿಗೆ ಸುಮಾರು 27.3 ದಿನಕ್ಕೊಮ್ಮೆ ಬರುತ್ತಾನೆ. ಹದಿಮೂರು ಸಲ ಬಂದರೂ 355 ದಿನ, ವರ್ಷ ತುಂಬಲು ಹತ್ತು ದಿನ ಬಾಕಿ. ಹಾಗಾಗಿ ಹಬ್ಬ ಹಿಂದಕ್ಕೆ ಜಾರುತ್ತದೆ. ತೀರಾ ಜಾರಿದಾಗ ಮುಂದಿನ ರೋಹಿಣಿಗೆ ಹಾರುತ್ತದೆ. ನೆರೆ (ಎಲೆಗಳ ಕಟ್ಟು) ಕಟ್ಟಲು, ಕದಿರು ತೆಗೆಯಲು, ಊಟಕ್ಕೆ ಅಂತ ಬೇರೆ ಬೇರೆ ಹೊತ್ತನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತು ಮಾಡುತ್ತಾರಲ್ಲ, ಅದರ ಹಿಂದೆ ಇಷ್ಟೆಲ್ಲ ಲೆಕ್ಕವಿದೆ.

ಇನ್ನು ನಿಮ್ಮ ಕುಯ್ಲು. ಆಳುಗಳನ್ನು ಕಾಯಬೇಡಿ. ಏಳೂಕಾಲಿಗೆ ನೀವೇ ತೋಟಕ್ಕೆ ಇಳಿದು ಒಂದು ಹಿಡಿ ಹಣ್ಣು ಕಿತ್ತು ಬುಟ್ಟಿಗೆ ಹಾಕಿಬಿಡಿ. ಕ್ಯಾಲೆಂಡರಿಗೂ ಸರಿ, ಮೊಬೈಲಿಗೂ ಸರಿ. ಇಬ್ಬನಿ ಜಾಸ್ತಿ ಇರುತ್ತದೆ, ತಲೆಗೆ ಏನಾದರೂ ಕಟ್ಟಿಕೊಳ್ಳಿ.