ಕೀಬೋರ್ಡ್ ಸದ್ದು ಹಳೇದಾಯ್ತು, ಪಿಟೀಲು ಯಾಕೆ ಆಗಲಿಲ್ಲ?

ಪ್ರಶ್ನೆ: 1980ರ ದಶಕದ ಕೊನೆಯ ಚಿತ್ರಗೀತೆಗಳನ್ನು ಈಗ ಕೇಳಿದರೆ ರಾಗ, ಸಾಹಿತ್ಯ, ಗಾಯನ ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಕೀಬೋರ್ಡ್ ಮತ್ತು ಡ್ರಮ್ಸ್ ಶುರುವಾದ ತಕ್ಷಣ ‘ಓ, ಹಳೇದು’ ಅನಿಸಿಬಿಡುತ್ತದೆ. ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಹಾಡುಗಳ ಪಿಟೀಲು, ಕೊಳಲು ಹಾಗೆ ಅನಿಸುವುದಿಲ್ಲ. ಎಲೆಕ್ಟ್ರಾನಿಕ್ ವಾದ್ಯಗಳ ಹಣೆಬರಹವೇ ಇಷ್ಟಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಎಲೆಕ್ಟ್ರಾನಿಕ್ ಆಗಿರುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ವಾದ್ಯದ ವಯಸ್ಸಿಗೂ ಇಲ್ಲ. ವಿದ್ಯುತ್ತೇ ಬೇಡದ ಒಂದು ವಾದ್ಯದಿಂದ ಶುರು ಮಾಡೋಣ, ಆಗ ವಿಷಯ ಬೇಗ ತಿಳಿಯುತ್ತದೆ.

ಹಾರ್ಪ್ಸಿಕಾರ್ಡ್ ಅಂತ ಒಂದು ವಾದ್ಯ ಇದೆ. ನೋಡಲು ಪಿಯಾನೋ ತರಹ. ಆದರೆ ಕೀ ಒತ್ತಿದಾಗ ಸುತ್ತಿಗೆ ಬಡಿಯುವುದಿಲ್ಲ, ಒಂದು ಸಣ್ಣ ಮೊನೆ ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. 1700ರ ಹೊತ್ತಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೋಫೊರಿ ಪಿಯಾನೋ ಮಾಡಿದರು. ಅದರಲ್ಲಿ ಮೆಲ್ಲಗೂ ಜೋರಾಗಿಯೂ ನುಡಿಸಬಹುದಿತ್ತು. ಆ ಶತಮಾನ ಮುಗಿಯುವಷ್ಟರಲ್ಲಿ ಹಾರ್ಪ್ಸಿಕಾರ್ಡ್ ಮೂಲೆ ಸೇರಿತು. ಮುಂದಿನ ನೂರು ವರ್ಷ ಅದಕ್ಕೆ ಹೊಸದಾಗಿ ಬರೆದವರೇ ಕಡಿಮೆ. ವಾಂಡಾ ಲಾಂಡೋವ್ಸ್ಕಾ ಅವರಂಥವರು 20ನೇ ಶತಮಾನದಲ್ಲಿ ಮತ್ತೆ ವೇದಿಕೆಗೆ ತಂದರು, ನಿಜ. ಆದರೂ ಅದರ ನಾಲ್ಕು ಸ್ವರ ಕೇಳಿದರೆ ಇವತ್ತಿಗೂ ಕಣ್ಣಿಗೆ ಬರುವುದು ಯುರೋಪಿನ ಅರಮನೆ, ಬಿಳಿ ವಿಗ್ ಹಾಕಿದ ಜನ.

ಪಿಟೀಲು ಕೂಡ ಹಾರ್ಪ್ಸಿಕಾರ್ಡ್ ಜೊತೆಗೇ ಬಾಳಿದ ವಾದ್ಯ. 16ನೇ ಶತಮಾನದ ನಡುವೆ ಇಟಲಿಯಲ್ಲಿ ಈಗಿನ ರೂಪಕ್ಕೆ ಬಂದದ್ದು. ಆದರೆ ಅದನ್ನು ಯಾರೂ ಯಾವತ್ತೂ ಕೆಳಗಿಡಲಿಲ್ಲ. ಅರಮನೆಯಲ್ಲೂ ನುಡಿಸಿದರು, ಹಳ್ಳಿಯ ಕುಣಿತಕ್ಕೂ ನುಡಿಸಿದರು. ತಮಿಳುನಾಡಿಗೆ ಬಂದಾಗ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಾವು ಚಕ್ಕಳಮಕ್ಕಳ ಹಾಕಿ ಕುಳಿತೆವು, ಅದರ ತಲೆಯನ್ನು ಪಾದಕ್ಕೆ ಆನಿಸಿದೆವು, ಶ್ರುತಿಯನ್ನು ಸ-ಪ-ಸ-ಪ ಮಾಡಿಕೊಂಡೆವು. ಈಗ ಪಿಟೀಲು ಇಲ್ಲದ ಕಛೇರಿ ಅಂದರೆ ಏನೋ ಖಾಲಿ ಖಾಲಿ, ಅಲ್ವಾ? ನಿಮ್ಮ ಕಿವಿಯಲ್ಲಿ ಪಿಟೀಲಿನ ಸದ್ದು ಕಛೇರಿಗೂ ಸೇರಿದೆ, ಸಿನಿಮಾಗೂ ಸೇರಿದೆ, ಮದುವೆ ಮನೆಗೂ ಸೇರಿದೆ. ಅದು ಯಾವ ಇಸವಿಯದು ಅಂತ ನಿಮ್ಮ ಕಿವಿ ಹೇಳಲಾರದು.

ನನ್ನ ಉತ್ತರದ ತಿರುಳು ಇದೇ. ಕೆಲವೇ ವರ್ಷಗಳಲ್ಲಿ, ಎಲ್ಲರೂ, ಒಂದೇ ರೀತಿ ಬಳಸಿ ಬಿಟ್ಟುಬಿಟ್ಟ ಸದ್ದಿನ ಮೇಲೆ ಆ ವರ್ಷಗಳ ಮೊಹರು ಬೀಳುತ್ತದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಯಲ್ಲಿ ಓಡಾಡಿದ ಸದ್ದಿನ ಮೇಲೆ ಬೀಳುವುದಿಲ್ಲ.

ಈಗ ನೀವು ಹೇಳಿದ ಕೀಬೋರ್ಡಿಗೆ ಬರೋಣ. ಆ ಕಾಲದ ಸದ್ದು ಅಂದರೆ ಜಗತ್ತಿನ ಯಾವ ಮೂಲೆಯಲ್ಲೂ ಮೊದಲು ನೆನಪಾಗುವ ಹೆಸರು ಯಮಹಾ ಡಿಎಕ್ಸ್7. ಬಂದದ್ದು 1983ರಲ್ಲಿ. ಅದರ ಒಳಗಿನ ಉಪಾಯ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡದ್ದು. ಒಂದು ಧ್ವನಿ ಅಲೆಯ ಕಂಪನವನ್ನು ಇನ್ನೊಂದು ಅಲೆಯಿಂದ ಬಹಳ ವೇಗವಾಗಿ ಅಲುಗಾಡಿಸಿದರೆ ಗಂಟೆಯಂಥ, ಲೋಹದಂಥ ಹೊಸ ನಾದಗಳು ಹುಟ್ಟುತ್ತವೆ. ಅದಕ್ಕೂ ಮುಂಚಿನ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್‌ಗಳಿಗೆ ಅಂಥ ಹೊಳಪು ಸುಲಭವಾಗಿ ಬರುತ್ತಿರಲಿಲ್ಲ. ಯಮಹಾ ಈ ತಂತ್ರದ ಹಕ್ಕು ಪಡೆದು, ಸಂಗೀತಗಾರರು ಕೊಳ್ಳಬಹುದಾದ ಬೆಲೆಗೆ ತಂದಿತು. ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಅದರ ಎಲೆಕ್ಟ್ರಿಕ್ ಪಿಯಾನೋ ಟೋನ್ ಒಂದನ್ನೇ ಹತ್ತಿರದಿಂದ ಕೇಳಿ. ಶುರುವಿನಲ್ಲಿ ಗಾಜಿನ ಲೋಟಕ್ಕೆ ಚಮಚ ತಾಗಿದಂಥ ಒಂದು ‘ಟಿಣ್’. ಅದರ ಕೆಳಗೆ ಮೆತ್ತಗಿನ, ದುಂಡಗಿನ ಸ್ವರ. ಬೆರಳು ಜೋರಾಗಿ ಬಿದ್ದರೆ ಆ ‘ಟಿಣ್’ ಇನ್ನಷ್ಟು ಮಿನುಗುತ್ತದೆ. ನಿಜಕ್ಕೂ ಚೆಂದದ ಸದ್ದು. ಅದು ಕೆಟ್ಟದ್ದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ತೊಂದರೆ ಬೇರೆ ಕಡೆ ಇತ್ತು. ಹಳೆಯ ಸಿಂಥಸೈಜರ್‌ಗಳಲ್ಲಿ ಸಾಲಾಗಿ ತಿರುಗಣೆಗಳಿರುತ್ತಿದ್ದವು. ಒಂದನ್ನು ತಿರುಗಿಸಿದರೆ ಸದ್ದು ಮಂಕಾಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಚೂಪಾಗುತ್ತದೆ. ಕೈಗೆ ಕೂಡಲೇ ತಿಳಿಯುತ್ತಿತ್ತು. ಡಿಎಕ್ಸ್7ನಲ್ಲಿ ಚಪ್ಪಟೆ ಬಟನ್‌ಗಳ ಸಾಲು, ಎರಡೇ ಸಾಲು ಅಕ್ಷರ ಹಿಡಿಸುವ ಪುಟ್ಟ ಪರದೆ, ಅಂಕಿ ಏರಿಸಿ ಇಳಿಸಲು ಒಂದೇ ಸ್ಲೈಡರ್. ಆರು ಅಲೆಗಳು, ಅವು ಒಂದನ್ನೊಂದು ಅಲುಗಾಡಿಸಲು 32 ಬಗೆಯ ಜೋಡಣೆ, ಬದಲಿಸಬಹುದಾದ ಅಂಕಿಗಳು ನೂರಕ್ಕೂ ಹೆಚ್ಚು. ಒಂದು ಅಂಕಿ ಬದಲಿಸಿದರೆ ಸದ್ದು ಏನಾಗುತ್ತದೆ ಅಂತ ಮೊದಲೇ ಊಹಿಸುವುದು ಬಲು ಕಷ್ಟ. ರೆಕಾರ್ಡಿಂಗ್‌ಗೆ ಸಮಯ ಓಡುತ್ತಿದೆ, ನಿರ್ಮಾಪಕರು ಕಾಯುತ್ತಿದ್ದಾರೆ. ಆಗ ಯಾರು ತಾನೇ ಅಂಕಿ ತಿದ್ದುತ್ತಾ ಕೂರುತ್ತಾರೆ? ಕಾರ್ಖಾನೆಯಿಂದ ಬಂದ ಟೋನನ್ನೇ ಒತ್ತಿ ನುಡಿಸಿದರು. ಲಂಡನ್‌ನಲ್ಲೂ ಅದೇ ಟೋನ್, ಲಾಸ್ ಏಂಜಲೀಸ್‌ನಲ್ಲೂ ಅದೇ. ಹತ್ತು ಮಂದಿ ಪಿಟೀಲು ನುಡಿಸಿದರೆ ಹತ್ತು ಪಿಟೀಲು ಕೇಳುತ್ತವೆ. ಇಲ್ಲಿ ಸಾವಿರಾರು ಹಾಡುಗಳಲ್ಲಿ ಒಂದೇ ‘ಟಿಣ್’ ಕೇಳಿಸಿತು. 1990ರ ದಶಕ ಬರುವಷ್ಟರಲ್ಲಿ ಜನಕ್ಕೆ ಸಾಕಾಯಿತು, ಎಲ್ಲರೂ ಒಟ್ಟಿಗೇ ಬಿಟ್ಟರು. ಒಟ್ಟಿಗೇ ಹಿಡಿದು ಒಟ್ಟಿಗೇ ಬಿಟ್ಟದ್ದರಿಂದಲೇ ಅದು ಇವತ್ತು ತನ್ನ ಇಸವಿಯನ್ನು ತಾನೇ ಹೇಳುತ್ತದೆ.

ಡ್ರಮ್ಸ್ ಕಥೆಯೂ ಇಂಥದ್ದೇ. ‘ಢಬ್’ ಅಂತ ದೊಡ್ಡದಾಗಿ ಬಂದು ಚಾಕುವಿನಿಂದ ಕತ್ತರಿಸಿದ ಹಾಗೆ ನಿಲ್ಲುವ ಸದ್ದು ನೆನಪಿದೆಯಲ್ಲ? ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ಆಲ್ಬಂ ರೆಕಾರ್ಡಿಂಗ್ ನಡೆಯುತ್ತಿತ್ತು. ಆ ಆಲ್ಬಂ ಬಂದದ್ದು 1980ರಲ್ಲಿ. ಡ್ರಮ್ಸ್ ನುಡಿಸುತ್ತಿದ್ದವರು ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಜಮ್. ಕಲಾವಿದರು ಒಳಗಿನಿಂದ ಮಾತಾಡಿದರೆ ಹೊರಗೆ ಕೇಳಲಿ ಅಂತ ಮೇಲೆ ಒಂದು ಮೈಕ್ ಇತ್ತು. ಅದು ಸಣ್ಣ ಸದ್ದನ್ನೂ ಹಿಗ್ಗಿಸಿ ಕೊಡುತ್ತಿತ್ತು. ಡ್ರಮ್ಸ್ ಬಾರಿಸುವಾಗ ಆ ಮೈಕ್ ತೆರೆದುಕೊಂಡಿತ್ತು. ಇಡೀ ಕೋಣೆಯ ಮೊಳಗು ಭಾರೀ ಆಗಿ ಕೇಳಿಸಿತು. ಅದನ್ನು ನಾಯ್ಸ್ ಗೇಟ್ ಅನ್ನುವ ಉಪಕರಣದಿಂದ ತಟ್ಟನೆ ಕತ್ತರಿಸಿದರು. ಮರುವರ್ಷ ಫಿಲ್ ಕಾಲಿನ್ಸ್ ತಮ್ಮ ಹಾಡಿನಲ್ಲೇ ಬಳಸಿ ಅದನ್ನು ಜಗತ್ತಿಗೆಲ್ಲ ಕೇಳಿಸಿದರು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಕಿವಿಗೆ ಕೋಣೆಗಳ ಪರಿಚಯ ಚೆನ್ನಾಗಿದೆ. ಬಚ್ಚಲುಮನೆ, ದೇವಸ್ಥಾನದ ಪ್ರಾಕಾರ, ಕಲ್ಯಾಣ ಮಂಟಪ, ಎಲ್ಲಿ ಮೊಳಗು ಹೇಗೆ ಇಳಿಯುತ್ತದೆ ಅಂತ ಗೊತ್ತು. ಮೊಳಗು ಎದ್ದು ಅರ್ಧದಲ್ಲೇ ಸಾಯುವ ಕೋಣೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಾಗಾಗಿ ಕಿವಿ ಅದಕ್ಕೆ ಜಾಗ ಹುಡುಕದೆ ಕಾಲ ಹುಡುಕುತ್ತದೆ. ‘ಆ ತಂತ್ರ ಇದ್ದ ಕಾಲ’ ಅಂತ ಗುರುತು ಹಾಕಿಕೊಳ್ಳುತ್ತದೆ.

ಹಾಗಾದರೆ ಯಂತ್ರದ ಸದ್ದೆಲ್ಲ ಹಳತಾಗಬೇಕಿತ್ತು. ಆಗಿಲ್ಲ. 1980ರಲ್ಲಿ ಎರಡು ಡ್ರಮ್ ಯಂತ್ರಗಳು ಬಂದವು. ಒಂದು ಲಿನ್ ಎಲ್‌ಎಂ-1. ನಿಜವಾದ ಡ್ರಮ್ಸನ್ನು ರೆಕಾರ್ಡ್ ಮಾಡಿ ಒಳಗಿಟ್ಟಿದ್ದರು, ಬೆಲೆ 4,995 ಡಾಲರ್. ಇನ್ನೊಂದು ರೋಲ್ಯಾಂಡ್ ಟಿಆರ್-808, ಬೆಲೆ 1,195 ಡಾಲರ್. ಇದರಲ್ಲಿ ಟ್ರಾನ್ಸಿಸ್ಟರ್‌ಗಳಿಂದಲೇ ಸದ್ದು ಹುಟ್ಟಿಸುತ್ತಿದ್ದರು. ಡ್ರಮ್ಸ್ ತರಹ ಕೇಳಿಸುವುದೇ ಇಲ್ಲ ಅಂತ ಬಹಳ ಜನ ಮೂಗು ಮುರಿದರು. 1983ಕ್ಕೆ ತಯಾರಿಕೆ ನಿಂತಿತು. ತಯಾರಾದದ್ದು ಸುಮಾರು 12,000 ಅಷ್ಟೇ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಾಗ ಅಮೆರಿಕದ ಹಿಪ್‌ಹಾಪ್ ಹುಡುಗರು ಕೊಂಡರು. ಹೊಟ್ಟೆಯೊಳಗೆ ನಡುಗುವ ಅದರ ‘ದೂಂ…’ ಇವತ್ತಿನ ಕನ್ನಡ ರ‍್ಯಾಪ್‌ನಲ್ಲೂ ಇದೆ. ನಿಜದ ಹತ್ತಿರ ಇದ್ದ ಲಿನ್ ಸದ್ದು 80ರ ದಶಕದ ಗುರುತಾಗಿ ಉಳಿಯಿತು. ಕಾರಣ ಇದು: ಇನ್ನೊಂದನ್ನು ಅನುಕರಿಸುವ ಸದ್ದು, ಅದಕ್ಕಿಂತ ಒಳ್ಳೆಯ ಅನುಕರಣೆ ಬಂದ ದಿನ ಸೋಲುತ್ತದೆ. 808 ಯಾರನ್ನೂ ಸರಿಯಾಗಿ ಅನುಕರಿಸಲಿಲ್ಲ, ಹಾಗಾಗಿ ಅದನ್ನು ಮೀರಿಸುವ ‘ನಿಜ’ ಯಾವುದೂ ಬರಲಿಲ್ಲ.

ನನಗೆ ಬಹಳ ಇಷ್ಟವಾದ ಉದಾಹರಣೆ ಮುಂಬೈಯದು. ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 808, ಜೊತೆಗೆ ರೋಲ್ಯಾಂಡಿನ ಇನ್ನೆರಡು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ನುಡಿಸಿದರು. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. 2010ರಲ್ಲಿ ಆ ರೆಕಾರ್ಡ್ ಮತ್ತೆ ಹೊರಬಂದಾಗ ಯುರೋಪಿನ ಕೇಳುಗರು ಬೆರಗಾದರು. 80ರ ದಶಕದ ಉತ್ತರಾರ್ಧದಲ್ಲಿ ಷಿಕಾಗೋದಲ್ಲಿ ಬೆಳೆದ ಆ್ಯಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತದಂತೆಯೇ ಅದು ಕೇಳಿಸುತ್ತಿತ್ತು! ಇಸವಿ 1982 ಆದರೂ ಅದರಲ್ಲಿ 1982ರ ವಾಸನೆ ಇಲ್ಲ. ಆ ವರ್ಷ ಅಂಥ ಸದ್ದು ಮಾಡಿದವರ ಗುಂಪೇ ಇರಲಿಲ್ಲ, ಮೊಹರು ಒತ್ತುವವರು ಯಾರು?

ಕೊನೆಗೆ ಕೇಳುಗರ ಪಾಲೂ ಸ್ವಲ್ಪ ಇದೆ. ನೀವು ಹೈಸ್ಕೂಲು, ಕಾಲೇಜಿನಲ್ಲಿದ್ದಾಗ ಕೇಳಿದ ಸದ್ದು ಆ ದಿನಗಳ ಜೊತೆಗೇ ಅಂಟಿಕೊಂಡಿರುತ್ತದೆ. 2005ರಲ್ಲಿ ಹುಟ್ಟಿದ ಹುಡುಗಿಗೆ ಆ ಡಿಎಕ್ಸ್7 ‘ಟಿಣ್’ ಹೊಸ ರುಚಿ. ಅದಕ್ಕೇ ಈಗಿನ ಕೆಲವು ಹಾಡುಗಳಲ್ಲಿ ಅದು ವಾಪಸ್ ಬರುತ್ತಿದೆ. ಇನ್ನಷ್ಟು ಕಾಲ ಹೀಗೇ ಬಳಕೆಯಲ್ಲಿದ್ದರೆ ಆ ಮೊಹರೂ ಅಳಿಸಬಹುದು.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್‌ನಲ್ಲಿ ಪುಂಗಿ ನುಡಿಸಿದರೆ ಇವತ್ತಿಗೂ ಜನ ಹುಚ್ಚೆದ್ದು ಕುಣಿಯುತ್ತಾರೆ. ಅದು ಅನುಕರಣೆ ಅಲ್ವಾ? ಹಳತಾಗಲಿಲ್ಲ ಯಾಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಒಳ್ಳೆಯ ಪ್ರಶ್ನೆ. ಆ ಪುಂಗಿ ಮೊದಲಿನಿಂದಲೂ ಕೀಬೋರ್ಡೇ. 1954ರ ಹಿಂದಿ ಚಿತ್ರ ‘ನಾಗಿನ್’ನ ಹಾಡಿನಲ್ಲಿ ಕೇಳುವುದು ಕ್ಲಾವಿಯೋಲಿನ್. 1947ರಲ್ಲಿ ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ ಮಾಡಿದ ಎಲೆಕ್ಟ್ರಾನಿಕ್ ವಾದ್ಯ ಅದು. ಚಿತ್ರದ ಸಂಗೀತ ಹೇಮಂತ್ ಕುಮಾರ್ ಅವರದು. ಕ್ಲಾವಿಯೋಲಿನ್ ನುಡಿಸಿದವರು ಕಲ್ಯಾಣ್‌ಜಿ, ಮುಂದೆ ತಮ್ಮ ಆನಂದ್‌ಜಿ ಜೊತೆ ಸಂಗೀತ ನಿರ್ದೇಶಕರಾದವರು. ಆ ಹಾಡು ಎಷ್ಟು ಹರಡಿತು ಅಂದರೆ, ಹಾವಾಡಿಗರ ಪುಂಗಿಯನ್ನು ಹತ್ತಿರದಿಂದ ಕೇಳದ ಎಷ್ಟೋ ಜನರಿಗೆ ಪುಂಗಿ ಅಂದರೆ ಅದೇ. ಇಲ್ಲಿ ಅನುಕರಣೆಯೇ ಮೂಲದ ಜಾಗದಲ್ಲಿ ಕುಳಿತಿದೆ. ಜೊತೆಗೆ, ಅಂದಿನಿಂದ ಯಾರೂ ಅದನ್ನು ಬಿಟ್ಟಿಲ್ಲ. ಮದುವೆ ದಿಬ್ಬಣ, ಗಣೇಶನ ಮೆರವಣಿಗೆ, ಎಲ್ಲ ಕಡೆ ಇದೆ.

ಪ್ರಶ್ನೆ: ಈಗಿನ ಹಾಡುಗಳಲ್ಲಿ ದನಿ ರೋಬೋಟ್ ತರಹ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದಲ್ಲ, ಅದೂ ಮುಂದೆ ಹಳೇದು ಅನಿಸುತ್ತದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅದು ಆಟೋ-ಟ್ಯೂನ್. 1997ರಲ್ಲಿ ಶ್ರುತಿ ತಿದ್ದಲು ಬಂದ ಸಾಫ್ಟ್‌ವೇರ್. ಮರುವರ್ಷವೇ ಶೆರ್ ಅನ್ನುವ ಅಮೆರಿಕದ ಗಾಯಕಿಯ ಹಾಡಿನಲ್ಲಿ ಅದನ್ನು ಬೇಕೆಂದೇ ಅತಿಯಾಗಿ ಬಳಸಿದರು. ಕಾಲು ಶತಮಾನ ಕಳೆದರೂ ಅದು ನಿಂತಿಲ್ಲ, ಬೇರೆ ಬೇರೆ ಸಂಗೀತಕ್ಕೆ ಹೋಗಿದೆ. ಹಾಗಾಗಿ ಆ ಉಪಕರಣ ಉಳಿಯುತ್ತದೆ ಅನಿಸುತ್ತದೆ. ಆದರೆ ಎಲ್ಲ ಗಾಯಕರ ಮೇಲೂ ಸುಮ್ನೆ ಒಂದೇ ಅಳತೆಯಲ್ಲಿ ಹಾಕಿದ ಹಾಡುಗಳು ಬೇಗ ಹಳತಾಗುತ್ತವೆ. ಗಾಯಕರ ಗುರುತೇ ಅಳಿಸಿಹೋದರೆ ಉಳಿಯುವುದು ಇಸವಿ ಮಾತ್ರ.

ಪ್ರಶ್ನೆ: ಮನೆಯಲ್ಲೇ ಕೆಲವು ಭಾವಗೀತೆಗಳನ್ನು ರೆಕಾರ್ಡ್ ಮಾಡುತ್ತಿದ್ದೇವೆ. ಕೊಳಲು, ಪಿಟೀಲು, ತಬಲ ಎಲ್ಲವನ್ನೂ ಕೀಬೋರ್ಡ್ ಟೋನ್‌ನಲ್ಲೇ ಮಾಡುವ ಯೋಚನೆ. ಬಜೆಟ್ ಕಡಿಮೆ. ಹತ್ತು ವರ್ಷ ಕಳೆದ ಮೇಲೂ ಕೇಳುವ ಹಾಗಿರಬೇಕು. ಏನು ಮಾಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊಳಲಿನ ಟೋನ್ ಬೇಡ. ಯಾಕೆ ಅಂತ ನೀವೇ ಪರೀಕ್ಷೆ ಮಾಡಿ. ಕೀಬೋರ್ಡ್‌ನಲ್ಲಿ ಕೊಳಲು ಹಾಕಿ ಒಂದೇ ಸ್ವರವನ್ನು ನಾಲ್ಕು ಸಲ ಉದ್ದಕ್ಕೆ ಹಿಡಿಯಿರಿ. ನಾಲ್ಕು ಸಲವೂ ಉಸಿರಿನ ‘ಫೂ’ ಒಂದೇ. ದನಿ ನಡುಗಲು ಶುರುವಾಗುವ ಕ್ಷಣವೂ ಒಂದೇ. ಬಿದಿರಿನ ಕೊಳಲಿನಲ್ಲಿ ಬೆರಳು ರಂಧ್ರವನ್ನು ಅರ್ಧ ತೆರೆಯುತ್ತದೆ, ಜಾರುತ್ತದೆ, ಉಸಿರು ಸಾಹಿತ್ಯದ ಭಾವಕ್ಕೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ. ಕೇಳುಗರಿಗೆ ಇದನ್ನು ಬಿಡಿಸಿ ಹೇಳಲು ಬರದೇ ಇರಬಹುದು, ಆದರೆ ಎರಡನೇ ಸಲ ಕೇಳುವಾಗ ‘ಟೋನ್’ ಅಂತ ತಿಳಿದುಬಿಡುತ್ತದೆ. ಕೊಳಲಿನವರನ್ನು ಕರೆಸಲು ಆಗದಿದ್ದರೆ ಆ ಬಿಜಿಎಂ ಸಾಲನ್ನು ಪಿಯಾನೋ ಅಥವಾ ಒಂದು ಸರಳ ಸಿಂಥ್ ಟೋನ್‌ನಲ್ಲಿ ನುಡಿಸಿ. ಕೀಬೋರ್ಡ್ ಕೀಬೋರ್ಡಾಗಿಯೇ ಕೇಳಿಸಲಿ.

ತಬಲ ಲೂಪ್, ಅಂದರೆ ರೆಡಿಯಾಗಿ ಸಿಗುವ, ಸುತ್ತಿ ಸುತ್ತಿ ಬರುವ ತಬಲದ ತುಣುಕಿನ ಬಗ್ಗೆಯೂ ಇದೇ ಎಚ್ಚರ. ಒಂದೇ ಲೂಪ್ ಸಾವಿರ ಜನರ ಹತ್ತಿರ ಇರುತ್ತದೆ. ತಬಲ, ಮೃದಂಗದ ನಡುವಿನ ಕಪ್ಪು ಕರಣೆ ಮಾಡುವ ಕೆಲಸ ಸಣ್ಣದಲ್ಲ. ಚರ್ಮದ ಸದ್ದಿಗೆ ಸ್ವರದ ಗುಣ ಕೊಡುವುದು ಅದೇ. ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಬೆರಳು ಒಂದಿಷ್ಟು ಅತ್ತಿತ್ತ ಬಿದ್ದರೂ ನಾದ ಬದಲಾಗುತ್ತದೆ. ಲೂಪ್‌ನಲ್ಲಿ ಎಂಟು ಆವರ್ತಕ್ಕೂ ಬೆರಳು ಅದೇ ಜಾಗಕ್ಕೆ ಬೀಳುತ್ತದೆ.

ಇನ್ನೊಂದು ಮುಖ್ಯ ವಿಷಯ, ರಿವರ್ಬ್, ಅಂದರೆ ರೆಕಾರ್ಡಿಂಗ್‌ಗೆ ಸೇರಿಸುವ ಕೋಣೆಯಂಥ ಮೊಳಗು. ಎಲ್ಲಕ್ಕಿಂತ ಬೇಗ ಬದಲಾಗುವ ಫ್ಯಾಷನ್ ಇದು. ದನಿಯನ್ನೂ ವಾದ್ಯಗಳನ್ನೂ ರಿವರ್ಬ್ ಇಲ್ಲದೆ ರೆಕಾರ್ಡ್ ಮಾಡಿ, ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆಯಾಗಿ ಎತ್ತಿಡಿ. ಮಿಕ್ಸ್ ಮಾಡುವಾಗ ಎಷ್ಟು ಬೇಕೋ ಅಷ್ಟು ಸೇರಿಸಿ. ಹತ್ತು ವರ್ಷದ ಮೇಲೆ ಮಿಕ್ಸ್ ಹಳತು ಅನಿಸಿದರೆ ಹಾಡನ್ನು ಮತ್ತೆ ಹಾಡಬೇಕಿಲ್ಲ.

ಒಬ್ಬರನ್ನು ಮಾತ್ರ ಕರೆಸಲು ದುಡ್ಡಿದ್ದರೆ ತಬಲದವರನ್ನು ಕರೆಸಿ. ಕೊಳಲು ಬರುವುದು ಪಲ್ಲವಿ, ಚರಣಗಳ ನಡುವೆ ಮಾತ್ರ. ತಬಲ ಹಾಡಿನ ಉದ್ದಕ್ಕೂ ದನಿಯ ಪಕ್ಕದಲ್ಲೇ ಇರುತ್ತದೆ. ಹಾಡುವವರೂ ತಬಲದವರೂ ಒಟ್ಟಿಗೆ ಕುಳಿತು ರೆಕಾರ್ಡ್ ಮಾಡಲು ಸಾಧ್ಯವಾದರೆ ಹಾಗೇ ಮಾಡಿ. ಮೈಕ್‌ಗಳ ನಡುವೆ ಸ್ವಲ್ಪ ಸದ್ದು ಸೋರಿದರೂ ಪರವಾಗಿಲ್ಲ.