ಹುಟ್ಟದ ಮಗುವಿನ ಪರವಾಗಿ ಒಪ್ಪುವವರು ಯಾರು?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತರೋಗವಿದೆ. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಲೇಬೇಕು. ಭ್ರೂಣದಲ್ಲೇ ವಂಶವಾಹಿಯನ್ನು ತಿದ್ದಿದ ಚೀನಾದ ವಿಜ್ಞಾನಿಯನ್ನು ಜೈಲಿಗೆ ಕಳುಹಿಸಿದರೆಂದು ಓದಿದೆ. ಹೆಸರು, ಲಸಿಕೆ, ಶಾಲೆ ಎಲ್ಲವನ್ನೂ ಮಗುವನ್ನು ಕೇಳದೆಯೇ ನಿರ್ಧರಿಸುವ ತಂದೆತಾಯಿಗೆ ರೋಗ ತಪ್ಪಿಸುವ ಹಕ್ಕು ಮಾತ್ರ ಏಕಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದೇವರ ಸೃಷ್ಟಿಯಲ್ಲಿ ಕೈಯಾಡಿಸಬಾರದು ಎಂದು ಹೇಳಿ ನಿಮ್ಮ ಪ್ರಶ್ನೆಯನ್ನು ಮುಗಿಸಲು ನನಗೆ ಮನಸ್ಸಿಲ್ಲ, ಸಿಡುಬಿನ ಲಸಿಕೆಯನ್ನೂ ಇದೇ ಮಾತು ಹೇಳಿ ವಿರೋಧಿಸಿದವರಿದ್ದರು.

ಮೊದಲು ಆ ಪ್ರಕರಣವನ್ನೇ ನೋಡೋಣ. ಶೆನ್‌ಝೆನ್ ನಗರದ ಹೆ ಜಿಯಾನ್‌ಕುಯಿ, ವಂಶವಾಹಿಯನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ಭ್ರೂಣಗಳನ್ನು ಬದಲಿಸಿ ಅವಳಿ ಹೆಣ್ಣುಮಕ್ಕಳ ಜನನಕ್ಕೆ ಕಾರಣನಾದ ಸಂಗತಿಯನ್ನು 2018ರ ನವೆಂಬರ್‌ನಲ್ಲಿ ಪ್ರಕಟಿಸಿದ. ತಂದೆಗೆ ಎಚ್‌ಐವಿ ಇದ್ದುದರಿಂದ ಮಕ್ಕಳಿಗೆ ಆ ಸೋಂಕು ತಗಲದಂತೆ ಮಾಡುವುದು ತನ್ನ ಉದ್ದೇಶವೆಂದ. ಆದರೆ ವೀರ್ಯವನ್ನು ತೊಳೆದು ಬಳಸುವ ಹಳೆಯ ವಿಧಾನವೇ ತಂದೆಯ ಸೋಂಕು ಮಗುವಿಗೆ ದಾಟದಂತೆ ತಡೆಯಲು ಸಾಕಾಗಿತ್ತು, ಅದನ್ನು ಅಲ್ಲಿ ಬಳಸಿಯೂ ಇದ್ದರು. ತಂದೆತಾಯಿ ಸಹಿ ಹಾಕಿದ ಒಪ್ಪಿಗೆಪತ್ರದಲ್ಲಿ ಈ ಕೆಲಸವನ್ನು ಏಡ್ಸ್ ಲಸಿಕೆಯ ಅಭಿವೃದ್ಧಿ ಯೋಜನೆ ಎಂದು ಕರೆಯಲಾಗಿತ್ತು. ಕೆಲವರಲ್ಲಿ ಸಹಜವಾಗಿ ಕಂಡುಬರುವ, ಎಚ್‌ಐವಿಗೆ ತಡೆಯೊಡ್ಡುವ ಬದಲಾವಣೆಯೇ ಮಕ್ಕಳಲ್ಲಿ ಮೂಡಲೂ ಇಲ್ಲ. ಹಿಂದೆಂದೂ ಪರೀಕ್ಷೆಗೆ ಒಳಗಾಗದ ಬೇರೆ ಬದಲಾವಣೆಗಳು ಮೂಡಿದವು. 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಅಗತ್ಯವಿಲ್ಲದ ಅಪಾಯವನ್ನು ಮಕ್ಕಳ ಮೇಲೆ ಹೇರಿದ್ದು, ಅದನ್ನು ಒಪ್ಪಿದವರಿಗೆ ಸತ್ಯವನ್ನು ನೇರವಾಗಿ ತಿಳಿಸದಿದ್ದದ್ದು, ಇವೆರಡೇ ನನ್ನ ದೃಷ್ಟಿಯಲ್ಲಿ ಆತನ ದೊಡ್ಡ ಅಪರಾಧಗಳು.

ಇನ್ನು ನಿಮ್ಮ ಹೋಲಿಕೆ. ಲಸಿಕೆಯ ಪರಿಣಾಮ ಅದನ್ನು ಪಡೆದ ಮಗುವಿನ ದೇಹದಲ್ಲೇ ನಿಲ್ಲುತ್ತದೆ, ಮತ್ತು ಕೋಟ್ಯಂತರ ಮಕ್ಕಳಿಗೆ ಕೊಟ್ಟು ನೋಡಿದ ಅನುಭವ ಅದರ ಹಿಂದಿರುತ್ತದೆ. ಭ್ರೂಣದಲ್ಲಿ ಮಾಡಿದ ತಿದ್ದುಪಡಿಯಾದರೋ ಆ ಮಗುವಿನ ಮಕ್ಕಳು ಮೊಮ್ಮಕ್ಕಳವರೆಗೂ ಇಳಿಯಬಹುದು. ತಪ್ಪಾಗಿದೆಯೆಂದು ಇಪ್ಪತ್ತು ವರ್ಷಗಳ ನಂತರ ತಿಳಿದರೆ ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಆ ಮಗು ಬದುಕಿನುದ್ದಕ್ಕೂ ವೈದ್ಯರ ಕಣ್ಗಾವಲಿನಲ್ಲಿರಬೇಕಾಗುತ್ತದೆ. ತಂದೆತಾಯಿಯ ಹಕ್ಕು ಅಷ್ಟು ದೂರ ಚಾಚುತ್ತದೆಯೆಂದು ನಾನು ಒಪ್ಪಲಾರೆ.

ಥಲಸ್ಸೀಮಿಯಾದ ವಿಷಯದಲ್ಲಿ ಭ್ರೂಣವನ್ನು ತಿದ್ದುವ ಅಗತ್ಯವೂ ಬಹಳ ಅಪರೂಪ. ಗಂಡಹೆಂಡತಿ ಇಬ್ಬರೂ ವಾಹಕರಾಗಿದ್ದರೆ (ತಮಗೆ ರೋಗವಿಲ್ಲದೆಯೂ ಅದರ ದೋಷವುಳ್ಳ ವಂಶವಾಹಿಯನ್ನು ಹೊತ್ತಿದ್ದರೆ) ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎಂದರೆ ಪ್ರಯೋಗಾಲಯದಲ್ಲಿ ರೂಪಿಸಿದ ಭ್ರೂಣಗಳನ್ನು ಪರೀಕ್ಷಿಸಿ ರೋಗವಿಲ್ಲದ್ದನ್ನು ಆರಿಸಿಕೊಳ್ಳಲು ಸಾಧ್ಯ. ದಂಪತಿಗಳಿಬ್ಬರೂ ರೋಗಿಗಳೇ ಆಗಿದ್ದರೆ ಮಾತ್ರ ಆರಿಸಿಕೊಳ್ಳಲು ಅಂಥ ಭ್ರೂಣ ಸಿಗುವುದಿಲ್ಲ. ಆ ದಂಪತಿಗಳ ಮುಂದೆ ನನ್ನ ವಾದ ದುರ್ಬಲವಾಗುತ್ತದೆ. ತಂತ್ರ ಸುರಕ್ಷಿತವೆಂದು ದೃಢಪಟ್ಟ ದಿನ ಅವರಿಗೆ ಬೇಡವೆನ್ನುವುದು ನನಗೆ ಕಷ್ಟ.

ಹುಟ್ಟಿದವರ ದೇಹದಿಂದ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಯ ಮಾತು ಬೇರೆ, ಏಕೆಂದರೆ ಅದರ ಪರಿಣಾಮ ಸಂತಾನಕ್ಕೆ ಇಳಿಯುವುದಿಲ್ಲ. ಕ್ಯಾಸ್ಜೆವಿ ಎಂಬ ಇಂಥ ಚಿಕಿತ್ಸೆಗೆ, ಕುಡಗೋಲು ಕಣ ರೋಗಕ್ಕೂ (ಸಿಕಲ್ ಸೆಲ್ ಎಂಬ ಇನ್ನೊಂದು ಆನುವಂಶಿಕ ರಕ್ತರೋಗ) ಥಲಸ್ಸೀಮಿಯಾಕ್ಕೂ, 2023ರ ನವೆಂಬರ್‌ನಲ್ಲಿ ಬ್ರಿಟನ್ ಅನುಮತಿ ಕೊಟ್ಟಿತು. ಅಮೆರಿಕದಲ್ಲಿ 2023ರಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಕುಡಗೋಲು ಕಣ ರೋಗದಿಂದ ಬಳಲುವವರಲ್ಲಿ ನಮ್ಮ ಆದಿವಾಸಿ ಕುಟುಂಬಗಳೂ ಇವೆ. ಅವರ ಕೈಗೆಟುಕದ ಮದ್ದನ್ನು ಗೆಲುವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ನಿಮ್ಮ ಅಕ್ಕ ವಾಹಕರಾಗಿರುವುದರಿಂದ ನೀವೂ ವಾಹಕರಾಗಿರುವ ಸಾಧ್ಯತೆ ಸುಮಾರು ಅರ್ಧದಷ್ಟಿದೆ. ಎಚ್‌ಬಿಎ2 ಎಂಬ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಮದುವೆಗೆ ಮೊದಲು, ಮದುವೆಯಾಗಿದ್ದರೆ ಮಗುವಿನ ಯೋಚನೆಗೆ ಮೊದಲು, ನೀವೂ ನಿಮ್ಮ ಒಡಹುಟ್ಟಿದವರೂ ಅದನ್ನು ದಯವಿಟ್ಟು ಮಾಡಿಸಿಕೊಳ್ಳಿ.