ಓದುಗರ ಪ್ರಶ್ನೆ, ನಮ್ಮ ಉತ್ತರ: ಸೋಡಾದ ನೊರೆ, ಉಳಿದ ಅನ್ನ, ಸುಟ್ಟ ಕೈ ಮತ್ತು ರಜೆಯ ಮಕ್ಕಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡುಗೆಮನೆಗೆ ಸಂಬಂಧಿಸಿದವು. ಉಳಿದವು ಆರೋಗ್ಯವನ್ನೂ ಮಕ್ಕಳ ರಜೆಯನ್ನೂ ಕುರಿತವು. ಹಲವರು ಎಲ್ಲೋ ಓದಿದ ಅಥವಾ ಕೇಳಿದ ಉಪಾಯವೊಂದನ್ನು ಬರೆದು, ಅದನ್ನು ನಂಬಬಹುದೇ ಎಂದು ವಿಚಾರಿಸಿದ್ದಾರೆ. ಆದ್ದರಿಂದ ಏನು ಮಾಡಬೇಕೆಂಬುದರ ಜೊತೆಗೆ ಏಕೆ ಎಂಬುದನ್ನೂ ಆದಷ್ಟು ಹೇಳಿದ್ದೇನೆ. ಕಾರಣ ತಿಳಿದಿದ್ದರೆ, ಹೇಳಿದ ವಸ್ತು ಮನೆಯಲ್ಲಿಲ್ಲದಾಗ ಬೇರೊಂದನ್ನು ಆರಿಸಿಕೊಳ್ಳಲು ಸುಲಭವಾಗುತ್ತದೆ.

ಪ್ರಶ್ನೆ: ಸಿಂಕ್, ನಲ್ಲಿ, ತಳ ಹಿಡಿದ ಪಾತ್ರೆ, ಹೀಗೆ ಎಲ್ಲದಕ್ಕೂ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಹಾಕಿದರೆ ಸಾಕು ಎನ್ನುತ್ತಾರೆ. ನೊರೆಯೇನೋ ಚೆನ್ನಾಗಿ ಬರುತ್ತದೆ, ಕೊಳೆ ಮಾತ್ರ ಹೋಗುವುದಿಲ್ಲ. ಅಳತೆಯಲ್ಲಿ ಏನಾದರೂ ತಪ್ಪುತ್ತಿದೆಯೆ?

ಉತ್ತರ: ಅಳತೆ ಸರಿಯಾಗಿಯೇ ಇರಬಹುದು, ಆದರೆ ಆ ಎರಡನ್ನೂ ಬೆರೆಸಲೇಬಾರದು. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಕೂಡಿದೊಡನೆ ಒಂದರ ಗುಣವನ್ನು ಇನ್ನೊಂದು ಕಳೆದುಬಿಡುತ್ತದೆ. ಕಣ್ಣಿಗೆ ಕಾಣುವ ನೊರೆ ಹೊರಹೋಗುತ್ತಿರುವ ಇಂಗಾಲದ ಡೈಆಕ್ಸೈಡ್ ಅನಿಲವಷ್ಟೆ. ಅದು ಅಡಗಿದ ಮೇಲೆ ಉಳಿಯುವುದು ನೀರು ಮತ್ತು ಅದರಲ್ಲಿ ಕರಗಿದ ಸೋಡಿಯಂ ಅಸಿಟೇಟ್ ಎಂಬ ಲವಣ. ಅದಕ್ಕೆ ಕೊಳೆ ತೆಗೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು.

ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯ ಕೆಲಸಗಾರರು. ಗಡಸು ನೀರು ಒಣಗಿ ನಲ್ಲಿಯ ಮೇಲೆ, ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿಯ ಪೊರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಅದು ಆಮ್ಲಕ್ಕೆ ಕರಗುತ್ತದೆ. ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆದರೆ ಸಾಕು. ಅಮೃತಶಿಲೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ, ಏಕೆಂದರೆ ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕಲೆಯೊಂದಿಗೆ ಕಲ್ಲಿನ ಹೊಳಪೂ ಹೋಗುತ್ತದೆ. ತಳ ಹಿಡಿದ ಸ್ಟೀಲ್ ಪಾತ್ರೆಗೆ ಸೋಡಾ ಸೂಕ್ತ: ಸೀದ ಭಾಗ ಮುಳುಗುವಷ್ಟು ನೀರು ಹಾಕಿ, ಎರಡು ಚಮಚ ಸೋಡಾ ಸೇರಿಸಿ, ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಮರದ ಸೌಟಿನಿಂದ ಕೆರೆದು ನೋಡಿ. ಅಲ್ಯೂಮಿನಿಯಂ ಪಾತ್ರೆಯಾದರೆ ಕ್ಷಾರ ತಾಗಿ ಕಪ್ಪಾಗುವುದರಿಂದ ಅದಕ್ಕೆ ಬರಿಯ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪು ಸಾಕು.

ಬೆರೆಸುವ ಮಾತು ಬಂದಿದ್ದರಿಂದ ಪತ್ರದಲ್ಲಿ ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಸೋಡಾ ಮತ್ತು ವಿನೆಗರ್ ಬೆರೆಸಿದರೆ ವ್ಯರ್ಥವಾಗುವುದು ನಿಮ್ಮ ಶ್ರಮ ಮಾತ್ರ. ಆದರೆ ಬ್ಲೀಚ್‌ಗೆ ವಿನೆಗರನ್ನೋ ಆಮ್ಲವಿರುವ ಶೌಚಾಲಯದ ಕ್ಲೀನರನ್ನೋ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಪುಟ್ಟ ಬಚ್ಚಲುಮನೆಯಲ್ಲಿ ಅದರ ಸ್ವಲ್ಪ ಪ್ರಮಾಣವೂ ಶ್ವಾಸಕೋಶಕ್ಕೆ ಅಪಾಯಕಾರಿ. ಅಮೋನಿಯ ಇರುವ ದ್ರವಗಳನ್ನು ಬ್ಲೀಚ್‌ಗೆ ಸೇರಿಸಿದರೂ ವಿಷಾನಿಲವೇ ಹುಟ್ಟುತ್ತದೆ. ಒಂದು ದಿನ ಒಂದು ಕ್ಲೀನರ್ ಮಾತ್ರ ಬಳಸುವುದು, ಅದನ್ನು ನೀರು ಹಾಕಿ ಪೂರ್ತಿ ತೊಳೆಯುವುದು, ಬಾಗಿಲು ತೆರೆದಿಡುವುದು ಕ್ಷೇಮ.

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲಿಯೇ ಮುಚ್ಚಿಟ್ಟು, ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಊಟ ಮಾಡುತ್ತೇವೆ. ವಾಸನೆ ಬಂದಿರದಿದ್ದರೆ ಕೆಟ್ಟಿಲ್ಲವೆಂದೇ ಅರ್ಥವಲ್ಲವೆ? ಬಿಸಿ ಆಹಾರವನ್ನು ಫ್ರಿಜ್‌ನಲ್ಲಿ ಇಡಬಾರದೆಂದು ಹಿರಿಯರು ಹೇಳುತ್ತಾರೆ.

ಉತ್ತರ: ಈ ಪತ್ರದಲ್ಲಿ ಮೂರು ನಂಬಿಕೆಗಳಿವೆ, ಮೂರನ್ನೂ ಬಿಡಿಸಿ ನೋಡಬೇಕಾಗಿದೆ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುವುದು ಸಾಮಾನ್ಯ. ಬ್ಯಾಕ್ಟೀರಿಯಾ ಕುದಿಯುವ ನೀರಿನಲ್ಲಿ ಸತ್ತರೂ ಈ ಬೀಜಾಣುಗಳು ಉಳಿಯುತ್ತವೆ, ಮತ್ತು ಅನ್ನ ನಿಧಾನವಾಗಿ ಆರುತ್ತ ಉಗುರುಬೆಚ್ಚಗಾದಾಗ ಮೊಳೆತು ವೃದ್ಧಿಯಾಗುತ್ತವೆ. ಹಾಗೆ ವೃದ್ಧಿಯಾಗುತ್ತ ಅವು ವಾಂತಿ ತರಿಸುವ ವಿಷವೊಂದನ್ನು ಬಿಡುತ್ತವೆ. ಬೆಳಿಗ್ಗೆ ನೀವು ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹಾಗೆಯೇ ಉಳಿಯುತ್ತದೆ. ಅದು ಅಡುಗೆಯ ಯಾವ ಶಾಖಕ್ಕೂ ಬಗ್ಗುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಆದ್ದರಿಂದ ಮೂಗನ್ನು ನಂಬುವಂತಿಲ್ಲ. ಅಂಥ ಅನ್ನ ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಬಹಳಷ್ಟು ಜನ ಅದಕ್ಕೆ ಬೇರೆ ಯಾವುದೋ ತಿನಿಸನ್ನು ದೂರುತ್ತಾರೆ.

ಮಾಡಬೇಕಾದದ್ದು ಕಷ್ಟವೇನಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಆಹಾರ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು. ಉಳಿದ ಅನ್ನವನ್ನು ಆಳವಾದ ಪಾತ್ರೆಯಲ್ಲಿ ಬಿಡದೆ ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಹಬೆ ನಿಂತೊಡನೆ ಮುಚ್ಚಿ ಫ್ರಿಜ್‌ಗೆ ಸೇರಿಸಿ. ಇದೆಲ್ಲ ಒಂದು ಗಂಟೆಯೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಬಿಸಿ ಆಹಾರವನ್ನು ಫ್ರಿಜ್‌ನಲ್ಲಿ ಇಡಬಾರದೆಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ: ಕುದಿಯುವ ದೊಡ್ಡ ಪಾತ್ರೆಯನ್ನು ಒಳಗಿಟ್ಟರೆ ಅಕ್ಕಪಕ್ಕದ ಹಾಲು, ತರಕಾರಿಯೂ ಬೆಚ್ಚಗಾಗುತ್ತವೆ. ಆದರೆ ಪೂರ್ತಿ ತಣ್ಣಗಾಗಲಿ ಎಂದು ಕಾಯುತ್ತ ಕೂತು ಮರೆತು ಮಲಗುವುದಕ್ಕಿಂತ, ಬೆಚ್ಚಗಿರುವಾಗಲೇ ಸಣ್ಣ ಡಬ್ಬಿಗಳಲ್ಲಿ ಹಂಚಿ ಇಡುವುದು ಮೇಲು. ಮರುದಿನದೊಳಗೆ ಮುಗಿಸಿ, ಒಮ್ಮೆ ಮಾತ್ರ, ಒಳಗೂ ಹಬೆಯಾಡುವಂತೆ ಬಿಸಿ ಮಾಡಿ.

ಇದೆಲ್ಲವೂ ನಿಮ್ಮ ಫ್ರಿಜ್ ನಿಜವಾಗಿ 4 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮಾತ್ರ ಸರಿ. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ನೋಡಲು ಒಂದು ಕಾಗದದ ಚೂರನ್ನು ಅರ್ಧ ಹೊರಗಿರುವಂತೆ ಸಿಕ್ಕಿಸಿ ಬಾಗಿಲು ಮುಚ್ಚಿ. ಎಳೆದಾಗ ಬಿಗಿಯಾಗಿ ತಡೆದರೆ ರಬ್ಬರ್ ಚೆನ್ನಾಗಿದೆ. ಸರಾಗವಾಗಿ ಜಾರಿಬಂದರೆ ಆ ಜಾಗದಲ್ಲಿ ತಣ್ಣನೆಯ ಗಾಳಿ ಸೋರುತ್ತಿದೆ, ವಿದ್ಯುತ್ ಬಿಲ್ಲೂ ಏರುತ್ತಿದೆ. ನಾಲ್ಕೂ ಬದಿಯಲ್ಲಿ, ಮುಖ್ಯವಾಗಿ ಕೆಳಗಿನ ಮೂಲೆಗಳಲ್ಲಿ ಪರೀಕ್ಷಿಸಿ. ಎಷ್ಟೋ ಸಲ ರಬ್ಬರ್ ಹಾಳಾಗಿರುವುದೇ ಇಲ್ಲ, ಅದರ ಮಡಿಕೆಯಲ್ಲಿ ಜಿಡ್ಡು ಕೂತಿರುತ್ತದೆ. ಸೋಪುನೀರಿನ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಆಲೂಗಡ್ಡೆ ಹಾಕಿದರೆ ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬುದು ನಿಜವೆ?

ಉತ್ತರ: ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನು ಒಟ್ಟಿಗೇ ಹೀರುತ್ತದೆ, ಆದ್ದರಿಂದ ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ನೀರು, ಬೇಯಿಸಿದ ಬೇಳೆ ಅಥವಾ ತರಕಾರಿ ಸೇರಿಸಿ ಪ್ರಮಾಣವನ್ನು ಹೆಚ್ಚಿಸುವುದೊಂದೇ ದಾರಿ.

ಪ್ರಶ್ನೆ: ಅಕ್ಕಿಯನ್ನು ಎಷ್ಟು ಬಿಗಿಯಾದ ಡಬ್ಬಿಯಲ್ಲಿ ಹಾಕಿಟ್ಟರೂ ಕೆಲವೇ ವಾರಗಳಲ್ಲಿ ಹುಳು ಹಿಡಿಯುತ್ತದೆ. ಅವು ಒಳಗೆ ಬರುವುದು ಹೇಗೆ?

ಉತ್ತರ: ಬಹುಪಾಲು ಅವು ಬರುವುದಿಲ್ಲ, ಅಕ್ಕಿಯ ಜೊತೆಗೇ ಬಂದಿರುತ್ತವೆ. ಸೊಂಡಿಲಿನಂಥ ಮೂತಿಯ ಆ ಕಂದು ಹುಳುವಿನ ಹೆಣ್ಣು ಕಾಳನ್ನು ಕೊರೆದು, ರಂಧ್ರದಲ್ಲಿ ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ಮರಿ ಕಾಳಿನ ಒಳಗೇ ತಿಂದು ಬೆಳೆದು, ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಹೀಗಾಗಿ ಕೊಂಡುತಂದ ದಿನ ಎಷ್ಟು ಆರಿಸಿದರೂ ಕಾಣುವುದಿಲ್ಲ. ಫ್ರೀಜರ್‌ನಲ್ಲಿ ಜಾಗವಿದ್ದರೆ ಅಕ್ಕಿಯ ಚೀಲವನ್ನು ಬಿಗಿಯಾಗಿ ಕಟ್ಟಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ನಾಲ್ಕು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಕೋಣೆಯ ಉಷ್ಣತೆಗೆ ಬರುವವರೆಗೆ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಕಾಳಿನ ಮೇಲೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಹೊಸ ಅಕ್ಕಿಯನ್ನು ಹಳೆಯದರ ಮೇಲೆ ಸುರಿಯುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ.

ಪ್ರಶ್ನೆ: ಬಿಸಿ ಎಣ್ಣೆ ಸಿಡಿದು ಕೈ ಸುಟ್ಟಾಗ ತಕ್ಷಣ ಟೂತ್‌ಪೇಸ್ಟ್ ಹಚ್ಚುವುದು ಸರಿಯೆ? ಮಂಜುಗಡ್ಡೆ ಇಡಬಹುದೆ?

ಉತ್ತರ: ಎರಡೂ ಬೇಡ. ಸುಟ್ಟ ಚರ್ಮದ ಕೆಳಗಿನ ಪದರಗಳಲ್ಲಿ ಶಾಖ ಇನ್ನೂ ಉಳಿದಿದ್ದು ಒಳಗೊಳಗೇ ಹಾನಿ ಮಾಡುತ್ತಿರುತ್ತದೆ. ಪೇಸ್ಟ್, ಬೆಣ್ಣೆ, ಹಿಟ್ಟು ಮೊದಲಾದವು ಆ ಶಾಖವನ್ನು ತೆಗೆಯುವುದಿಲ್ಲ, ಗಾಯಕ್ಕೆ ಸೋಂಕು ತರಬಹುದು, ಮುಂದೆ ವೈದ್ಯರು ಅವನ್ನು ಕೆರೆದು ತೆಗೆಯಬೇಕಾಗುತ್ತದೆ. ಮಂಜುಗಡ್ಡೆ ರಕ್ತನಾಳಗಳನ್ನು ಕುಗ್ಗಿಸಿ, ನೊಂದ ಚರ್ಮಕ್ಕೆ ಇನ್ನಷ್ಟು ನೋವು ಕೊಡುತ್ತದೆ. ಉಂಗುರ, ಬಳೆ, ಕೈಗಡಿಯಾರವನ್ನು ಊತ ಬರುವ ಮೊದಲೇ ತೆಗೆದು, ನಲ್ಲಿಯ ಸಾಧಾರಣ ತಣ್ಣೀರಿನ ಕೆಳಗೆ ಕೈಯನ್ನು ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಎಂದರೆ ಗಡಿಯಾರ ನೋಡಿಯೇ ಇಪ್ಪತ್ತು ನಿಮಿಷ. ಉರಿ ಕಡಿಮೆಯಾಯಿತೆಂದು ಎರಡು ನಿಮಿಷಕ್ಕೇ ಕೈ ತೆಗೆಯುವವರೇ ಹೆಚ್ಚು. ಆ ಕ್ಷಣದಲ್ಲಿ ಆಗದಿದ್ದರೆ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಬೊಬ್ಬೆಗಳನ್ನು ಒಡೆಯಬೇಡಿ. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ ಅಥವಾ ಕೀಲುಗಳ ಮೇಲೆ ಆಳವಾಗಿದ್ದರೆ, ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಆಗಿದ್ದರೆ, ಸುಟ್ಟುಕೊಂಡಿರುವುದು ಚಿಕ್ಕ ಮಗುವಾಗಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಪ್ರಶ್ನೆ: ಭೇದಿಯಾದಾಗ ಸಕ್ಕರೆ, ಉಪ್ಪು ಬೆರೆಸಿದ ನೀರು ಕುಡಿಯಬೇಕೆನ್ನುತ್ತಾರೆ. ಸರಿಯಾದ ಅಳತೆ ಎಷ್ಟು? ಶಕ್ತಿ ಬರಲೆಂದು ಸಕ್ಕರೆ ಹೆಚ್ಚು ಹಾಕಬಹುದೆ?

ಉತ್ತರ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆತಟ್ಟಿದ್ದಾಗಿರಬೇಕು, ಗೋಪುರದಂತೆ ತುಂಬಿದ್ದಲ್ಲ. ಇಲ್ಲಿ ಸಕ್ಕರೆಯ ಕೆಲಸ ಶಕ್ತಿ ಕೊಡುವುದಕ್ಕಿಂತ ಉಪ್ಪಿನಂಶವನ್ನು ಒಳಗೆ ಸೇರಿಸುವುದು: ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ಲೆಕ್ಕ ತಿರುಗಿ, ದೇಹದ ನೀರೇ ಕರುಳಿಗೆ ಇಳಿದು ಭೇದಿ ಉಲ್ಬಣವಾಗುತ್ತದೆ. ಉಪ್ಪು ಹೆಚ್ಚಾದರೆ ಚಿಕ್ಕ ಮಕ್ಕಳಿಗೆ ಅಪಾಯ. 1971ರ ಯುದ್ಧದ ಕಾಲದಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥ ನೀರನ್ನೇ ಕುಡಿಸಿ ಸಾವುಗಳನ್ನು ಬಹಳಷ್ಟು ತಗ್ಗಿಸಿದರು. ಔಷಧದ ಅಂಗಡಿಯ ಓಆರ್‌ಎಸ್ ಪುಡಿಯಲ್ಲಿ ಪೊಟ್ಯಾಸಿಯಂ ಕೂಡ ಇರುವುದರಿಂದ, ಅದು ಸಿಕ್ಕರೆ ಅದೇ ಉತ್ತಮ. ಗುಟುಕು ಗುಟುಕಾಗಿ ಕುಡಿಸಿ, ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಮಲದಲ್ಲಿ ರಕ್ತ, ಮೂತ್ರ ನಿಲ್ಲುವುದು, ಮಗು ಮಂಕಾಗುವುದು ಇವು ಕಂಡರೆ ಮನೆಮದ್ದನ್ನೇ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ರಜೆಯಲ್ಲಿ ಮಕ್ಕಳು ಮೊಬೈಲ್ ಬಿಟ್ಟು ಮೇಲೇಳುವುದಿಲ್ಲ. ಹಣ ಖರ್ಚಾಗದ, ಅವರಿಗೂ ಬೇಸರವಾಗದ ಮನರಂಜನೆ ಏನಾದರೂ ಇದೆಯೆ?

ಉತ್ತರ: ನನ್ನ ಮೊದಲ ಸಲಹೆ, ಒಂದು ಕೋಣೆಯನ್ನೇ ಕ್ಯಾಮೆರಾ ಮಾಡಿ. ಹೊರಗೆ ಚೆನ್ನಾಗಿ ಬಿಸಿಲಿರುವ ಹೊತ್ತಿನಲ್ಲಿ, ಬಿಸಿಲು ಬಿದ್ದ ಮರವೋ ರಸ್ತೆಯೋ ಕಾಣುವ ಕಿಟಕಿಯನ್ನು ಆರಿಸಿಕೊಂಡು ದಪ್ಪ ರಟ್ಟು ಅಥವಾ ಕಪ್ಪು ಕಾಗದದಿಂದ ಪೂರ್ತಿ ಮುಚ್ಚಿ, ಬಾಗಿಲ ಸಂದುಗಳಿಗೆ ಬಟ್ಟೆ ತುರುಕಿ. ರಟ್ಟಿನಲ್ಲಿ ಕಿರುಬೆರಳಿನ ದಪ್ಪದಷ್ಟು ಒಂದೇ ಒಂದು ದುಂಡನೆಯ ತೂತು ಮಾಡಿ. ಮೊದಲಿಗೆ ಏನೂ ಕಾಣುವುದಿಲ್ಲ, ಮಕ್ಕಳು ಗೊಣಗುತ್ತಾರೆ. ಐದು ನಿಮಿಷದಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಎದುರಿನ ಗೋಡೆಯ ಮೇಲೆ ಹೊರಗಿನ ದೃಶ್ಯ ಬಣ್ಣಗಳ ಸಮೇತ ಮೂಡಿರುತ್ತದೆ, ಆದರೆ ತಲೆಕೆಳಗಾಗಿ: ಆಕಾಶ ನೆಲದ ಹತ್ತಿರ, ಮರದ ಬುಡ ಸೂರಿನ ಹತ್ತಿರ, ಬಲಕ್ಕೆ ಹೋಗುವ ಸೈಕಲ್ಲು ಎಡಕ್ಕೆ. ಬಿಳಿಯ ಹಾಸುಬಟ್ಟೆಯನ್ನು ಹಿಡಿದು ತೂತಿನ ಹತ್ತಿರ ತಂದರೆ ಚಿತ್ರ ಚಿಕ್ಕದಾಗಿ ಬೆಳಗುತ್ತದೆ, ದೂರ ಒಯ್ದರೆ ಹಿಗ್ಗಿ ಮಂಕಾಗುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಮರದ ತುದಿಯ ಕಿರಣ ತೂತನ್ನು ಹಾದು ಕೆಳಕ್ಕೆ, ಬುಡದ ಕಿರಣ ಮೇಲಕ್ಕೆ ಬೀಳುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಅಲ್-ಹೈಥಮ್ ಎಂಬ ವಿದ್ವಾಂಸ ಕತ್ತಲೆ ಕೋಣೆಯಲ್ಲಿ ಪರೀಕ್ಷಿಸಿದ್ದೂ ಇದನ್ನೇ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡದಂತೆ ಮಾತ್ರ ಎಚ್ಚರವಹಿಸಿ.

ರಾತ್ರಿಗೆ ಆಕಾಶವಿದೆ. ಚಂದ್ರ ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಿಂದ ಒಂದು ವಾರ ಆ ಸಮಯವನ್ನು ಮಕ್ಕಳು ಬರೆದಿಡಲಿ. ಮುಸ್ಸಂಜೆಯಲ್ಲಿ ಮಿನುಗದೆ, ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಆಕಾಶವನ್ನು ದಾಟುವ ಉಜ್ಜ್ವಲ ಚುಕ್ಕೆ ಕಂಡರೆ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಾಗಿರಬಹುದು. ಅದು ಭೂಮಿಯನ್ನು ಸುಮಾರು 90 ನಿಮಿಷಕ್ಕೊಮ್ಮೆ ಸುತ್ತುತ್ತದೆ. ಯಾರಾದರೂ ಬೈನಾಕ್ಯುಲರ್ ಎರವಲು ಕೊಟ್ಟರೆ ಅದನ್ನು ಗೋಡೆಗೆ ಒರಗಿಸಿ ಅಲುಗದಂತೆ ಹಿಡಿದು ಗುರುಗ್ರಹವನ್ನು ನೋಡಿ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಅದರ ಅಕ್ಕಪಕ್ಕದಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳಂತೆ ಕಾಣುತ್ತವೆ, ಮರುದಿನ ನೋಡಿದರೆ ಜಾಗ ಬದಲಿಸಿರುತ್ತವೆ.

ಪ್ರಶ್ನೆ: ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸಬೇಕೇ, ಮುಂದಕ್ಕೆ ಬಾಗಿಸಬೇಕೇ?

ಉತ್ತರ: ಮುಂದಕ್ಕೆ. ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗಬಹುದು. ಕುಳಿತು, ಸ್ವಲ್ಪ ಮುಂದೆ ಬಾಗಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿದು ಬಾಯಿಯಿಂದ ಉಸಿರಾಡಿ. ನಡುನಡುವೆ ಬಿಟ್ಟು ನಿಂತಿತೇ ಎಂದು ನೋಡಬೇಡಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದಿದ್ದರೆ ಅಥವಾ ರಕ್ತವನ್ನು ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಾಗಿದ್ದರೆ ವೈದ್ಯರನ್ನು ಕಾಣಬೇಕು.